ಗೊರವನಹಳ್ಳಿ ಕಡೆಯ ಹಿತ್ತಲು: ಗಿಡಕ್ಕೆ ನೀರು ಹೊಯ್ಯೋರು ಯಾರು?

ಬೆಂಗಳೂರಿನಿಂದ ಗೊರವನಹಳ್ಳಿಗೆ ಹೋಗುವವರು ಮಹಾಲಕ್ಷ್ಮಿಯ ದರ್ಶನಕ್ಕೆ ಅಂತಲೇ ಹೋಗ್ತಾರೆ. ಶುಕ್ರವಾರ ಆದ್ರಂತೂ ಕಾಲಿಡೋಕೆ ಜಾಗ ಇರಲ್ಲ. ದರ್ಶನ, ಪ್ರಸಾದ, ಹತ್ತಿರದ ತೀತಾ ಜಲಾಶಯದ ಏರಿ ಮೇಲೆ ನಾಲ್ಕು ಫೋಟೋ, ಸಂಜೆಗೆ ಊರಿಗೆ ವಾಪಸ್. ಚೆನ್ನಾಗಿಯೇ ಇರುತ್ತೆ. ಆದರೆ ಮುಂದಿನ ಸಲ ಹೋದಾಗ ಒಂದೆರಡು ಗಂಟೆ ಜಾಸ್ತಿ ಇಟ್ಕೊಳ್ಳಿ. ದೇವಸ್ಥಾನದ ಮುಂಭಾಗ ನೋಡಿದ ಮೇಲೆ, ಸುತ್ತಲ ಹಳ್ಳಿಗಳ ಮನೆಗಳ ಹಿಂಭಾಗವನ್ನೂ ನೋಡಿ ಬನ್ನಿ. ಅಲ್ಲಿ ಹಿತ್ತಲು ಅಂತ ಒಂದಿದೆ. ನಾವು ಬಾಲ್ಕನಿಯಲ್ಲಿ ದುಡ್ಡು ಸುರಿದು ಮಾಡೋಕೆ ಹೊರಟಿರೋದು ಅದನ್ನೇ.

ನನ್ನ ಅತ್ತೆಮನೆ ಇರೋದು ಕೊರಟಗೆರೆ ತಾಲ್ಲೂಕಿನಲ್ಲಿ, ಗೊರವನಹಳ್ಳಿಗೆ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ವರ್ಷಕ್ಕೆ ಆರೇಳು ಸಲ ಹೋಗ್ತೀವಿ. ಹಾಗಾಗಿ ಈ ಹಿತ್ತಲುಗಳ ಪರಿಚಯ ಸ್ವಲ್ಪ ಇದೆ.

ದಾರಿ ಮತ್ತು ನೀರು

ತುಮಕೂರು ಹೆದ್ದಾರಿಯಲ್ಲಿ ಹೋಗಿ ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿ ಕೊರಟಗೆರೆ ರಸ್ತೆ ಹಿಡಿದರೆ, ಸಿಟಿ ಟ್ರಾಫಿಕ್ ದಾಟಿದ ಮೇಲೆ ಸುಮಾರು ಎರಡು ಗಂಟೆ ದಾರಿ. ಎಡಗಡೆ ದೇವರಾಯನದುರ್ಗದ ಬೆಟ್ಟಗಳು. ಆ ಬೆಟ್ಟದಲ್ಲಿ ಎರಡು ನದಿ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತೆ. ಜಯಮಂಗಲಿ ಉತ್ತರಕ್ಕೆ ಹರಿದು, ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ತೀತಾ ಜಲಾಶಯ ಕಟ್ಟಿರೋದು ಈ ಜಯಮಂಗಲಿಗೆ.

ನದಿ ಅಂದ ತಕ್ಷಣ ವರ್ಷವಿಡೀ ನೀರು ಅಂದುಕೋಬೇಡಿ. ಇದು ಬಯಲುಸೀಮೆ. ಮಳೆ ಬಂದ ವರ್ಷ ಹರಿಯುತ್ತೆ, ಇಲ್ಲದ ವರ್ಷ ಮರಳು. ಕೊರಟಗೆರೆಯಿಂದ ಮಧುಗಿರಿ, ಶಿರಾ, ಪಾವಗಡ ಅಂತ ಮುಂದೆ ಹೋದ ಹಾಗೆಲ್ಲ ಒಣಗುತ್ತಾ ಹೋಗುತ್ತೆ. ಪಾವಗಡದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಸಿಗೋದು ಕಷ್ಟ. ಬಿಸಿಲು ಮಾತ್ರ ಧಾರಾಳ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್‌ಗೂ ಮೀರಿದ ಸೋಲಾರ್ ಪಾರ್ಕ್ ಎದ್ದಿರೋದು ಅದಕ್ಕೇ.

ಇಂಥ ಕಡೆ ತರಕಾರಿ ಬೆಳೆಯೋದು ಅಂದ್ರೆ ನೀರಿನ ಲೆಕ್ಕ. ಆ ಲೆಕ್ಕ ಶುರುವಾಗೋದು ಅಡುಗೆಮನೆಯಿಂದ.

ಕಲಗಚ್ಚು, ಬಚ್ಚಲು ನೀರು, ತಿಪ್ಪೆ

ಹಳ್ಳಿ ಮನೆಯಲ್ಲಿ ಅಕ್ಕಿ ತೊಳೆದ ನೀರು ಮೋರಿಗೆ ಹೋಗಲ್ಲ. ತರಕಾರಿ ಸಿಪ್ಪೆ, ಉಳಿದ ಅನ್ನದ ಅಗುಳು ಎಲ್ಲ ಸೇರಿ ಅದು ಕಲಗಚ್ಚು. ಹೋಗೋದು ಹಸುವಿಗೆ. ಹಸುವಿನ ಸೆಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಹೊಲಕ್ಕೆ ಮತ್ತು ಹಿತ್ತಲಿಗೆ. ಸ್ನಾನದ ನೀರು ಬಚ್ಚಲಿಂದ ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ತೆಂಗು, ಕೆಸುವಿನ ಬುಡಕ್ಕೆ. ಒಲೆ ಬೂದಿ ಅರ್ಧ ಪಾತ್ರೆ ತಿಕ್ಕೋಕೆ, ಇನ್ನರ್ಧ ಅವರೆ ಬಳ್ಳಿಗೆ ಹೇನು ಹತ್ತಿದಾಗ ಎರಚೋಕೆ. ಇದಕ್ಕೆ ಯಾರೂ ‘ಝೀರೋ ವೇಸ್ಟ್’ ಅಂತ ಹೆಸರಿಟ್ಟಿಲ್ಲ.

ನಮ್ಮ ಅತ್ತೆಯ ಹಿತ್ತಲು ದೊಡ್ಡದೇನಲ್ಲ, ಎರಡು ಕಾರು ನಿಲ್ಲಿಸೋಷ್ಟು ಜಾಗ. ಬಚ್ಚಲ ಪಕ್ಕ ಬಾಳೆ. ಬೇಲಿಗೆ ನುಗ್ಗೆ. ಒಂದು ಕರಿಬೇವು. ಚಪ್ಪರಕ್ಕೆ ಒಂದು ಕಾಲದಲ್ಲಿ ಹೀರೆ, ಇನ್ನೊಂದು ಕಾಲದಲ್ಲಿ ಚಪ್ಪರದವರೆ. ಕೆಳಗೆ ನಾಲ್ಕು ಬದನೆ, ಐದಾರು ಮೆಣಸಿನ ಗಿಡ, ಮೂಲೆಯಲ್ಲಿ ದೊಡ್ಡಪತ್ರೆ, ಬಾಗಿಲ ಹತ್ತಿರ ಕನಕಾಂಬರ. ಮಳೆ ಬಿದ್ದ ಮೇಲೆ ತಾನಾಗೇ ಹುಟ್ಟೋ ಗಣಿಕೆ, ಹೊನಗೊನೆ, ಅಣ್ಣೆ ಸೊಪ್ಪು ಬೇರೆ. ಎಲ್ಲವನ್ನೂ ಒಂದೊಂದು ಹಿಡಿ ಕಿತ್ತರೆ ಬೆರಕೆ ಸೊಪ್ಪಿನ ಸಾರು, ಮುದ್ದೆ. ಸಂತೆಯ ಹಂಗಿಲ್ಲ.

ಹೊಲದಲ್ಲೂ ಇದೇ ಬುದ್ಧಿ. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಹಾಕ್ತಾರೆ. ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು. ರಾಗಿ ಕೈಕೊಟ್ಟರೂ ಅಕ್ಕಡಿಯಲ್ಲಿ ಒಂದಾದರೂ ಕೈಹಿಡಿಯುತ್ತೆ ಅನ್ನೋ ನಂಬಿಕೆ. ಒಂದೇ ಗಿಡ, ಒಂದೇ ಬೆಳೆ ಮೇಲೆ ಮನೆಯ ಭಾರ ಪೂರ್ತಿ ಹಾಕಬಾರದು ಅನ್ನೋದು ಒಣಭೂಮಿಯ ಪಾಠ.

ಆದರೆ ಮನೆಯೊಳಗೆ ಈ ಪಾಠ ನಡೆಯುತ್ತಾ?

ಹಿತ್ತಲು ಒಣಗಿದ ಬೇಸಿಗೆ

ಎರಡು ವರ್ಷದ ಹಿಂದೆ ಅತ್ತೆಗೆ ಮೊಣಕಾಲು ನೋವು ಜಾಸ್ತಿಯಾಯ್ತು. ಭಾರ ಎತ್ತಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಅಂದ್ರು ಡಾಕ್ಟರು. ಕೊಡ ಎತ್ತೋದು ನಿಂತಿತು, ಕಳೆ ಕೀಳೋದು ನಿಂತಿತು. ಏಪ್ರಿಲ್ ಹೊತ್ತಿಗೆ ಹೀರೆ ಚಪ್ಪರ ಬರೀ ಕಡ್ಡಿ. ಬದನೆ ಗಿಡ ಸೊರಗಿತು. ಮನೆಯಲ್ಲಿ ಮಾವ ಇದ್ದಾರೆ, ಮೈದುನ ಇದ್ದಾನೆ. ಇಬ್ಬರೂ ಸೋಮಾರಿಗಳಲ್ಲ, ಹೊಲದಲ್ಲಿ ಬೆಳಗಾದ್ರೆ ಬೆವರು ಸುರಿಸೋರು. ಆದರೆ ಹಿತ್ತಲಿನ ಕೆಲಸ ಒಂದು ‘ಕೆಲಸ’ ಅಂತ ಯಾರ ಲೆಕ್ಕದಲ್ಲೂ ಇರಲಿಲ್ಲ. ಅದು ತಾನಾಗೇ ಬೆಳೆಯೋ ಜಾಗ ಅಂತ ಎಲ್ಲರೂ ಅಂದುಕೊಂಡಿದ್ದರು.

ಸಂತೆಯಿಂದ ವಾರವಾರ ತರಕಾರಿ ತರೋಕೆ ಶುರುವಾದ ಮೇಲೆ ಮಾವನಿಗೆ ವಿಷಯ ತಲೆಗೆ ಹೋಯ್ತು. ಒಂದಿನ ಅವರೇ ಬಕೆಟ್ ಹಿಡಿದು ಹಿಂದೆ ಹೋದರು. ಬೀದಿಯವರು ನೋಡ್ತಾರೆ ಅಂತ ಸ್ವಲ್ಪ ಸಂಕೋಚ ಇತ್ತು ಅನ್ನಿ. ಅತ್ತೆ ಕಟ್ಟೆ ಮೇಲೆ ಕೂತು ನಕ್ಕರು. “ಗಿಡಕ್ಕೇನ್ ಗೊತ್ತಮ್ಮ, ನೀರ್ ಹೊಯ್ದೋರು ಗಂಡ್ಸೋ ಹೆಂಗ್ಸೋ ಅಂತ.”

ಈಗ ಅಲ್ಲೊಂದು ವ್ಯವಸ್ಥೆ ಇದೆ. ಬೆಳಗ್ಗೆ ನೀರು ಮಾವನದ್ದು. ತಿಪ್ಪೆ, ಗೊಬ್ಬರ, ಪಾತಿ ಮಾಡೋದು ಮೈದುನಂದು. ಕಲಗಚ್ಚು ಮತ್ತು ರಾತ್ರಿ ಪಾತ್ರೆ ಅವನಿಗೂ ಅವನ ಹೆಂಡತಿಗೂ ದಿನ ಬಿಟ್ಟು ದಿನ. ಬೀಜ ಯಾವುದು, ಯಾವಾಗ, ಎಲ್ಲಿ ಅನ್ನೋದು ಮಾತ್ರ ಅತ್ತೆಯದ್ದೇ. ಹಿತ್ತಲಿಗೆ ಯಜಮಾನಿ ಅವರೇ, ಕೂಲಿ ಮಾತ್ರ ಹಂಚಿಕೆಯಾಗಿದೆ. ಹೀರೆ ಮತ್ತೆ ಚಪ್ಪರ ಹತ್ತಿದೆ. ಮೊದಲಿನಷ್ಟು ಇಲ್ಲ. ಮೈದುನ ತಪ್ಪಿಸಿಕೊಳ್ಳೋ ದಿನಗಳೂ ಇವೆ. ಆದರೂ ನಡೀತಿದೆ.

299 ನಿಮಿಷ, 97 ನಿಮಿಷ

ಇದು ಒಂದು ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಜನರು ದಿನದ ಸಮಯ ಹೇಗೆ ಕಳೀತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರು ಮಾತ್ರ. ಅಂಥವರು 100ಕ್ಕೆ 26 ಜನ. ಹೆಂಗಸರಲ್ಲಿ 81. ಮತ್ತೆ 2024ರಲ್ಲಿ ನೋಡಿದಾಗ ಹೆಂಗಸರದ್ದು 289 ನಿಮಿಷ, ಗಂಡಸರದ್ದು 88. ಇಬ್ಬರದ್ದೂ ಇಳಿದಿದೆ, ನಡುವಿನ ಅಂತರ ಹಾಗೇ ಇದೆ.

ಈಗ ಇದರ ಮೇಲೆ ‘ಹಸಿರು ಜೀವನ’ ತಂದು ಇಡಿ. ಹಸಿ ಕಸ ಒಣ ಕಸ ಬೇರೆ ಮಾಡೋದು, ಕಾಂಪೋಸ್ಟ್ ತಿರುವೋದು, ಬಟ್ಟೆ ಚೀಲ ಒಗೆಯೋದು, ಗಿಡಕ್ಕೆ ನೀರು. ಪ್ರತಿಯೊಂದೂ ಐದೈದು ನಿಮಿಷದ ಕೆಲಸವೇ. ಆದರೆ ಯಾರ ಐದು ನಿಮಿಷ? ಬಾಲ್ಕನಿ ತೋಟ ಆರು ತಿಂಗಳಲ್ಲಿ ಖಾಲಿ ಕುಂಡಗಳಾಗೋದಕ್ಕೆ ನೂರು ಕಾರಣ ಹೇಳ್ತೀವಿ. ಬಹಳ ಮನೆಗಳಲ್ಲಿ ನಿಜವಾದ ಕಾರಣ, ಆಗಲೇ ಸುಸ್ತಾದ ಒಬ್ಬರ ಮೇಲೆ ಇನ್ನೊಂದು ಕೆಲಸ ಬಿದ್ದಿದ್ದು.

ಗಂಡಸರಿಗೆ ಅಡುಗೆ ಕೆಲಸ ಬರಲ್ಲ ಅನ್ನೋ ಮಾತನ್ನು ಈ ಕಡೆ ಯಾರೂ ನಂಬಬೇಕಿಲ್ಲ. ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ದೇವಸ್ಥಾನದ ದಾಸೋಹದಲ್ಲಿ ಕೊಪ್ಪರಿಗೆ ಮುಂದೆ ನಿಲ್ಲೋರು ಬಹುಪಾಲು ಗಂಡಸರೇ. ನೂರಾರು ಜನಕ್ಕೆ ಸಾರು ಮಾಡೋ ಕೈಗೆ ನಾಲ್ಕು ಜನಕ್ಕೆ ಮಾಡೋದು ಕಷ್ಟವಾ? ಊರಿಗೆ ಮಾಡಿದರೆ ಸೇವೆ, ಮನೆಯಲ್ಲಿ ಮಾಡಿದರೆ ‘ಹೆಲ್ಪ್’. ಬದಲಾಗಬೇಕಿರೋದು ಈ ಮಾತು.

ಹಂಚಿಕೊಂಡರೆ ಕೆಲಸವೂ ಹಬ್ಬವೇ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಂದಾಗ ನೋಡಿ. ಕಾಯಿ ರಾಶಿ ಸುರಿದು ಮನೆಮಂದಿಯೆಲ್ಲ ಸುತ್ತ ಕೂರ್ತಾರೆ. ಸುಲಿಯೋದು, ನೆನೆಸೋದು, ಹಿತುಕೋದು. ತಾತನೂ ಹಿತುಕ್ತಾರೆ, ಮೊಮ್ಮಗನೂ ಹಿತುಕ್ತಾನೆ. ಕಾಳು ಚಿಮ್ಮಿ ಯಾರದೋ ಮುಖಕ್ಕೆ ಬಡಿದರೆ ನಗು. ಹಿತಕಿದವರೆ ಸಾರು ಒಬ್ಬರೇ ಕೂತು ಮಾಡೋ ಅಡುಗೆ ಅಲ್ಲವೇ ಅಲ್ಲ. ಅದೇ ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯೋ ಕೆಲಸ ಬಂದಾಗ ಜಗಲಿಯಲ್ಲಿ ಹೆಚ್ಚಾಗಿ ಹೆಂಗಸರೇ ಕಾಣ್ತಾರೆ. ಒಂದು ಕೆಲಸ ಎಲ್ಲರದ್ದು, ಇನ್ನೊಂದು ಕೆಲವರದ್ದು. ಇದು ನಿಯಮ ಅಲ್ಲ, ಬರೀ ರೂಢಿ. ರೂಢಿ ಬದಲಾಯಿಸಬಹುದು.

ಎರಡು ಬೆಡ್‌ರೂಮ್ ಫ್ಲಾಟಿಗೆ ಹಿತ್ತಲಿನ ಲೆಕ್ಕ

ಬೆಂಗಳೂರಿಗೂ ನೀರಿನ ಪಾಠ ಬಂದಿದೆ. ಮಾರ್ಚ್ 2024ರಲ್ಲಿ ಕುಡಿಯೋ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿರಬೇಕು. ಹಾಗಾಗಿ ಹಳ್ಳಿಯಿಂದ ನಾವು ತಂದುಕೊಂಡಿರೋದು ಇಷ್ಟು:

• ಸಿಂಕ್ ಪಕ್ಕ ಒಂದು ಬಕೆಟ್. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ಅದಕ್ಕೆ. ನಮ್ಮ ಹತ್ತು ಕುಂಡಕ್ಕೆ ಅದೇ ಸಾಕು. ಸೋಪಿನ ನೀರು ಸೊಪ್ಪಿನ ಕುಂಡಕ್ಕೆ ಬೇಡ. ಆರ್‌ಓ ಯಂತ್ರ ಹೊರಗೆ ಬಿಡೋ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದು ನೆಲ ಒರೆಸೋಕೆ.

• ಮೊದಲು ಬೇಗ ಬರೋದನ್ನು ಹಾಕಿ. ಮೆಂತ್ಯ, ದಂಟು ಒಂದು ತಿಂಗಳೊಳಗೆ ಕೈಗೆ ಬರುತ್ತೆ. ಕೊತ್ತಂಬರಿ ಬೀಜ ಎರಡು ಹೋಳು ಮಾಡಿ ಹಾಕಿದರೆ ಚೆನ್ನಾಗಿ ಮೊಳೆಯುತ್ತೆ. ಆಮೇಲೆ ಮೆಣಸಿನಕಾಯಿ, ಬಸಳೆ. ಅವರೆ ಬೇಕಂದ್ರೆ ಬಳ್ಳಿ ಹಬ್ಬದ ಗಿಡ್ಡ ತಳಿಗಳಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್ ಅಂಥದ್ದೇ ಒಂದು.

• ತಿಪ್ಪೆ ಬದಲು ತೂತಿರೋ ಒಂದು ಮಡಕೆ. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣಗಿದ ಎಲೆ. ವಾರಕ್ಕೆರಡು ಸಲ ತಿರುವಿ. ವಾಸನೆ ಬಂತು ಅಂದ್ರೆ ಒಣ ಎಲೆ ಕಮ್ಮಿಯಾಗಿದೆ ಅಂತ ಅರ್ಥ.

• ಕೆಲಸಗಳನ್ನು ಕ್ಯಾಲೆಂಡರ್ ಮೇಲೆ ಬರೆಯಿರಿ. ಫೋನಿನಲ್ಲಿ ಬೇಡ, ಗೋಡೆ ಮೇಲೆ. ‘ನೀರು’ ಅಂತ ಮಾತ್ರ ಅಲ್ಲ, ‘ನೀರು ಕಡಿಮೆಯಾಗಿದೆಯಾ ಅಂತ ನೋಡೋದು’ ಕೂಡ ಒಂದು ಕೆಲಸ. ನೆನಪಿಟ್ಟುಕೊಳ್ಳೋ ಭಾರವೂ ಹಂಚಿಕೆಯಾಗಬೇಕು. “ನೀನ್ ಹೇಳಿದ್ರೆ ಮಾಡ್ತಿದ್ದೆ” ಅನ್ನೋ ಮಾತಿಗೆ ಆಗ ಜಾಗ ಇರಲ್ಲ.

• ಮಗುವಿಗೂ ಒಂದು ಕುಂಡ ಬಿಟ್ಟುಕೊಡಿ. ಒಣಗಿದರೆ ಒಣಗಲಿ, ಮತ್ತೆ ಬೀಜ ಹಾಕಿಸಿ. ಅಂಗಡಿಯ ಸೊಪ್ಪು ಮುಟ್ಟದ ನನ್ನ ಏಳು ವರ್ಷದ ಮಗ ತಾನು ಬೆಳೆದ ಮೆಂತ್ಯದ ಚಪಾತಿ ತಿಂತಾನೆ.

ಹೋಗೋದಾದರೆ

ಜನಜಂಗುಳಿ ಬೇಡ ಅನ್ನೋರು ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ ಬಿಟ್ಟು ಹೋಗಿ. ಮಳೆ ಬಿದ್ದು ರಾಗಿ ಎದ್ದು ನಿಂತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಕ್ಕಡಿ ಸಾಲು ಚೆನ್ನಾಗಿ ಕಾಣುತ್ತೆ. ಅವರೆ ಬೇಕಾದರೆ ಸಂಕ್ರಾಂತಿ ಹತ್ತಿರ. ಇನ್ನೊಂದು ದಿನ ಕೈಯಲ್ಲಿದ್ದರೆ ಗಿಡಮೂಲಿಕೆಗೆ ಹೆಸರಾದ ಸಿದ್ದರಬೆಟ್ಟ ಹತ್ತಿ, ಇಲ್ಲವೇ ಮಧುಗಿರಿಯ ಏಕಶಿಲಾ ಬೆಟ್ಟ ನೋಡಿ. ಶಿರಾ ತಾಲ್ಲೂಕಿನ ಕಗ್ಗಲಡುವಿಗೂ ಹೋಗಬಹುದು. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯ್ತಾರೆ.

ಯಾರ ಹಿತ್ತಲಾದರೂ ಇಷ್ಟವಾದರೆ ಬೇಲಿಯಾಚೆಯಿಂದ ಫೋಟೋ ತೆಗೆದು ಓಡಬೇಡಿ. “ಅಮ್ಮಾ, ಒಳಗೆ ಬರಬಹುದಾ?” ಅಂತ ಕೇಳಿ. ಬಹಳ ಸಲ ಮಾತಿನ ಜೊತೆ ಒಂದು ಹಿಡಿ ಅವರೆ ಬೀಜವೂ ಸಿಗುತ್ತೆ. ಪೇಪರ್‌ನಲ್ಲಿ ಸುತ್ತಿ ತಂದು ಕುಂಡಕ್ಕೆ ಹಾಕಿ. ಹಾಕೋ ಮೊದಲೇ, ನೀರು ಯಾವ ದಿನ ಯಾರದ್ದು ಅಂತ ಮಾತಾಡಿಕೊಳ್ಳಿ.