ಮೊದಲು ಸೂಜಿ ನೋಡು

ಬ್ಯಾಂಕಿನವನಿಗೆ ಚರ್ಮ ಹೊಲಿಯುವ ಮಷೀನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕುಂದಾಪುರದ ಕಡೆಯಿಂದ ಬಿ.ಕಾಂ. ಸರ್ಟಿಫಿಕೇಟು ಹಿಡಿದುಕೊಂಡು ಬಂದು, ಮುಂಬಯಿಯಲ್ಲಿ ಮೂವತ್ತು ವರ್ಷ ಡೆಬಿಟ್ಟು-ಕ್ರೆಡಿಟ್ಟು ಮಾಡಿದವನು ನಾನು. ಅಂಗಿಯ ಗುಂಡಿ ಕಿತ್ತುಹೋದರೆ ಇವತ್ತಿಗೂ ಹೆಂಡತಿಯ ಮುಂದೆಯೇ ನಿಲ್ಲುತ್ತೇನೆ. ಆದರೆ ಸಣ್ಣ ಉದ್ದಿಮೆಗಳ ಸಾಲ ನೋಡಿಕೊಳ್ಳುವ ಅಧಿಕಾರಿಗೆ ಈ ಊರಲ್ಲಿ ಧಾರಾವಿ ತಪ್ಪುವುದಿಲ್ಲ. ಧಾರಾವಿಗೆ ಹೋದವನಿಗೆ ಚರ್ಮದ ವಾಸನೆಯೂ ತಪ್ಪುವುದಿಲ್ಲ.

ಇಲ್ಲಿಯ ಚರ್ಮದ ಕಸುಬು ನೂರು ವರ್ಷಕ್ಕೂ ಹಳೆಯದು. ತಮಿಳುನಾಡಿನ ಕಡೆಯಿಂದ ಬಂದವರು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಚರ್ಮ ಹದ ಮಾಡುವ ಟ್ಯಾನರಿಗಳನ್ನು ಹಾಕಿದರು. ಟ್ಯಾನರಿಗಳಲ್ಲಿ ಹೆಚ್ಚಿನವು ಆಮೇಲೆ ಊರಾಚೆ ಹೋದವು. ಬ್ಯಾಗು, ಬೆಲ್ಟು, ಪರ್ಸು, ಜಾಕೆಟ್ಟು ಹೊಲಿಯುವ ಗಾಲಾಗಳು ಉಳಿದವು. ಸಾಯನ್ ಸ್ಟೇಷನ್ನಿನಿಂದ ಒಳಗೆ ನಡೆದರೆ ಗಲ್ಲಿಗಲ್ಲಿಯಲ್ಲೂ ಆ ಮಷೀನುಗಳ 'ಧಡ್ ಧಡ್' ಕೇಳುತ್ತದೆ. ನಿಮ್ಮ ಮನೆಯ ಹೊಲಿಗೆ ಮಷೀನಿನ ಟಕಟಕದಂತಲ್ಲ, ಎದೆಗೇ ಬಡಿಯುವ ಸದ್ದು. 2015ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲಿ ಎತ್ತು-ಹೋರಿಗಳ ವಧೆಗೂ ನಿಷೇಧ ಬಂತು, 2020ರಲ್ಲಿ ಲಾಕ್‌ಡೌನ್ ಬಂತು. ಏದುಸಿರು ಬಿಡುತ್ತಲೇ ಬದುಕಿದ ಧಂಧೆ ಇದು.

ಅಲ್ಲಿ ನಮ್ಮ ಬ್ರಾಂಚಿನ ಒಬ್ಬ ಗ್ರಾಹಕರಿದ್ದಾರೆ. ಮೂಲ ಅಥಣಿ ಕಡೆಯವರು. ಅಜ್ಜ ಕೊಲ್ಹಾಪುರಿ ಚಪ್ಪಲಿ ಮಾಡುತ್ತಿದ್ದವರು. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತು. ಹೆಸರು ಕೊಲ್ಹಾಪುರದ್ದಾದರೂ ಬೆವರಿನಲ್ಲಿ ಅರ್ಧ ನಮ್ಮದು! ಅಜ್ಜನ ಚಪ್ಪಲಿಗೆ ಮೊಳೆಯೂ ಇಲ್ಲ, ನೂಲಿನ ದಾರವೂ ಇಲ್ಲ, ಚರ್ಮದ ಎಳೆಯಿಂದಲೇ ಹೊಲಿಗೆ. ಮೊಮ್ಮಗ ಮುಂಬಯಿಗೆ ಬಂದು ಬ್ಯಾಗಿಗೆ ಇಳಿದರು. ಗಾಲಾದ ಗೋಡೆಯ ಮೇಲೆ ಸಮಗಾರ ಹರಳಯ್ಯನವರ ಪಟ ಇದೆ. ಬಸವಣ್ಣನವರಿಗಾಗಿ ಗಂಡ-ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆ ನಿಮಗೆ ಗೊತ್ತಿರುವುದೇ.

ಹೋದ ವರ್ಷ ಒಂದು ಬೆಳಿಗ್ಗೆ ಇವರು ಬ್ರಾಂಚಿಗೆ ಬಂದರು. ಮುಖ ಸಪ್ಪಗಿತ್ತು.

"ಸಾಹೇಬ್ರ, ಮಷೀನ ಕೈ ಕೊಟ್ಟೈತ್ರಿ. ಹೊಸಾದು ತಗೋಬೇಕು. ಅರವತ್ತ ಸಾವಿರ ಬೇಕಾಗೇತಿ."

ಒಂದು ಕಚೇರಿಯಿಂದ 120 ಬ್ಯಾಗಿನ ಆರ್ಡರು ಬಂದಿತ್ತಂತೆ. ಕಳಿಸಿದ್ದರಲ್ಲಿ 34 ವಾಪಸು. ಕೆಲವದರಲ್ಲಿ ಪಟ್ಟಿ ಜೋಡಿಸುವ ಕಡೆ ಟಾಂಕಾ ತಪ್ಪಿದೆ, ಕೆಲವದರಲ್ಲಿ ಅಡಿಭಾಗದಲ್ಲಿ ದಾರ ಗುಂಜುಗುಂಜಾಗಿ ಜೋತುಬಿದ್ದಿದೆ. ಮೆಕ್ಯಾನಿಕ್ ಬಂದು ಒಂದು ಸಲ ಇಣುಕಿ, "ಹುಕ್ಕು ಸವೆದಿದೆ, ಈ ಮಷೀನ್ ಇನ್ನು ಮಾರಿಬಿಡಿ" ಅಂದು ಹೋಗಿದ್ದ.

ಕಷ್ಟ ಎಲ್ಲಿತ್ತೆಂದರೆ, ಇವರ ಮುದ್ರಾ ಸಾಲದ ಎರಡು ಕಂತು ಆಗಲೇ ಬಾಕಿ. 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ. ಅಂಥ ಖಾತೆಗೆ ಹೊಸ ಸಾಲ ಕೊಡಲು ಮೇಲಿನವರು ಒಪ್ಪುವುದಿಲ್ಲ. ಆಗುವುದಿಲ್ಲವೆಂದು ಕೈತೊಳೆದುಕೊಂಡರೆ ಇವರು ಹೋಗುವುದೆಲ್ಲಿಗೆ? ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯವನ ಹತ್ತಿರ. ಆ ಬಾಗಿಲು ಹೊಕ್ಕವರು ಸುಲಭದಲ್ಲಿ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. "ಯಾರಿಗೂ ಮಾತು ಕೊಡಬೇಡಿ, ನಾಳೆ ಬಂದು ನೋಡುತ್ತೇನೆ" ಅಂದೆ.

ಮರುದಿನ ಗಾಲಾಕ್ಕೆ ಹೋದಾಗ ಮಷೀನಿನ ಮುಂದೆ ಹತ್ತೊಂಬತ್ತರ ಹುಡುಗನೊಬ್ಬ ಕೂತಿದ್ದ. ಹಳೆಯ ಕಾರೀಗರ ಚಾಚಾ ಮಗಳ ಮದುವೆಗೆಂದು ದರ್ಭಂಗಾಕ್ಕೆ ಹೋಗಿ ತಿಂಗಳಾಗಿತ್ತು. "ಅವರನ್ನು ಒಂದು ಮಾತು ಕೇಳಿದಿರಾ?" ಅಂದೆ. ಮದುವೆ ಮನೆಗೆ ಯಾಕೆ ತೊಂದರೆ ಅಂತ ಕೇಳಿರಲಿಲ್ಲ. ಆಗಲೇ ವಿಡಿಯೋ ಕಾಲ್ ಹಚ್ಚಿದರು.

ಚಾಚಾ ಮಷೀನು ತೋರಿಸು ಅನ್ನಲಿಲ್ಲ. "ಪಹಲೇ ಸೂಯೀ" ಅಂದರು. ಮೊದಲು ಸೂಜಿ.

ಹುಡುಗ ಸೂಜಿ ಬಿಚ್ಚಿ ಹಿಡಿದ. 18ನೇ ನಂಬರಿನದು. ಇಲ್ಲಿ ಒಂದು ಲೆಕ್ಕ ಇದೆ, ಬ್ಯಾಂಕಿನವನಿಗೆ ಬೇಗ ಹಿಡಿಸಿತು. 18ನೇ ಸೂಜಿಗೆ 110 ಅಂತಲೂ ಬರೆದಿರುತ್ತದೆ, ಅಂದರೆ 1.1 ಮಿ.ಮೀ. ದಪ್ಪ. 22ನೆಯದಕ್ಕೆ 140, ಅಂದರೆ 1.4 ಮಿ.ಮೀ. ದಾರಕ್ಕೂ ನಂಬರಿದೆ. ಸಾವಿರ ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಟೆಕ್ಸ್. ಗಿರಾಕಿ ದಪ್ಪ ಹೊಲಿಗೆ ಕೇಳಿದನೆಂದು ಈ ಆರ್ಡರಿಗೆ 70 ಟೆಕ್ಸ್ ಬಿಟ್ಟು 135 ಟೆಕ್ಸ್‌ನ ನೈಲಾನ್ ದಾರ ತಂದಿದ್ದರು. ಸೂಜಿ ಮಾತ್ರ ಹಳೆಯದೇ. ದಪ್ಪ ದಾರ ಆ ಸಣ್ಣ ಕಣ್ಣಿನಲ್ಲಿ ಉಜ್ಜಿ ಉಜ್ಜಿ ಎಳೆ ಬಿಡುತ್ತಿತ್ತು, ಆಗಾಗ ತುಂಡಾಗುತ್ತಿತ್ತು.

ಟಾಂಕಾ ತಪ್ಪುವುದು ಹೇಗೆಂದು ಚಾಚಾ ಹುಡುಗನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಸೂಜಿ ಕೆಳಗೆ ಮುಟ್ಟಿ ಎರಡು ಮಿ.ಮೀ.ಯಷ್ಟು ಮೇಲೆ ಬರುವಾಗ ದಾರ ಪಕ್ಕಕ್ಕೆ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಹುಕ್ಕಿನ ಮೂತಿ ಅದರೊಳಗೆ ಹೊಕ್ಕು ಬಾಬಿನ್ನಿನ ದಾರದ ಸುತ್ತ ಹಾಯಿಸುತ್ತದೆ. ಕುಣಿಕೆಯಾಗದಿದ್ದರೆ ಹುಕ್ಕು ಬರಿಗೈಯಲ್ಲಿ ತಿರುಗುತ್ತದೆ, ಟಾಂಕಾ ಇಲ್ಲ. ಪಟ್ಟಿ ಜೋಡಿಸುವಲ್ಲಿ ಚರ್ಮ ನಾಲ್ಕು ಪದರ. ತೆಳು ಸೂಜಿ ಅಲ್ಲಿ ಬಾಗುತ್ತದೆ. ಮೇಲಿನ ಪಾದದ ಒತ್ತು ಕಮ್ಮಿಯಾಗಿದ್ದರೆ ಸೂಜಿ ಏಳುವಾಗ ಚರ್ಮವೂ ಜೊತೆಗೇ ಏಳುತ್ತದೆ. ಮತ್ತೆ ಕುಣಿಕೆ ಎಲ್ಲಿಂದ ಬರಬೇಕು? ಇನ್ನೊಂದು ವಿಷಯ. ಈ ಮಷೀನುಗಳ ಸೂಜಿಯ ಬುಡ ದುಂಡಗೆ. ಮನೆಯ ಮಷೀನಿನ ಸೂಜಿಯಂತೆ ಒಂದು ಬದಿ ಚಪ್ಪಟೆಯಲ್ಲ. ಹಾಕುವಾಗ ಕೂದಲೆಳೆ ತಿರುಗಿದರೂ ತಿಳಿಯುವುದಿಲ್ಲ. ದಾರ ಒಳಹೋಗುವ ಕಡೆಗೆ ಉದ್ದ ಗೀರು, ಹುಕ್ಕಿನ ಕಡೆಗೆ ತಗ್ಗು ಬರಬೇಕು. ಹುಡುಗನ ಸೂಜಿ ತುಸು ತಿರುಗಿಯೂ ಇತ್ತು.

ಇನ್ನು ಕೆಳಗಿನ ಗುಂಜು. ಹುಡುಗ ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ಬಿಗಿದದ್ದೇ ಬಿಗಿದದ್ದು. ಚಾಚಾ ನಕ್ಕರು. ಗುಂಜು ಕೆಳಗೆ ಕಂಡರೆ ರೋಗ ಮೇಲಿರುತ್ತದೆ! ಮೇಲಿನ ದಾರ ಟೆನ್ಶನ್ನಿನ ಎರಡು ತಟ್ಟೆಗಳ ನಡುವೆ ಕೂರಬೇಕು. ಪಾದ ಎತ್ತಿದಾಗ ಮಾತ್ರ ಆ ತಟ್ಟೆಗಳು ತೆರೆದುಕೊಳ್ಳುತ್ತವೆ. ದಾರ ತುಂಡಾದಾಗಲೆಲ್ಲ ಹುಡುಗ ಅವಸರದಲ್ಲಿ ಪಾದ ಇಳಿಸಿಕೊಂಡೇ ಪೋಣಿಸುತ್ತಿದ್ದ. ದಾರ ತಟ್ಟೆಯ ಅಂಚಿನಲ್ಲೇ ಉಳಿದು, ಬಿಗಿಯಿಲ್ಲದೆ ಕೆಳಗೆ ಸುರಿಯುತ್ತಿತ್ತು.

ಸೂಜಿ, ಪೋಣಿಸಿದ ದಾರಿ, ಬಾಬಿನ್, ಟೆನ್ಶನ್, ಪಾದದ ಒತ್ತು. ಇಷ್ಟೂ ಸರಿಯಿದ್ದು ಮತ್ತೂ ಟಾಂಕಾ ತಪ್ಪಿದರೆ ಮಾತ್ರ ಹುಕ್ಕಿಗೆ ಕೈ ಹಾಕು ಅಂದರು ಚಾಚಾ. ಅಗ್ಗದ್ದರಿಂದ ಶುರು, ದುಬಾರಿಯದು ಕಡೆಗೆ. ಹುಕ್ಕು ಸವೆಯುವುದೇ ಇಲ್ಲವೆಂದಲ್ಲ. ಆದರೆ ಅದನ್ನು ಮೊದಲು ಹೇಳುವವನು ನೋಡದೆ ಹೇಳುತ್ತಾನೆ. ನಮ್ಮಲ್ಲೂ ಹಾಗೇ ತಾನೇ? ಕಂತು ತಪ್ಪಿದ ಕೂಡಲೇ "ಪಾರ್ಟಿ ಸರಿಯಿಲ್ಲ" ಅನ್ನುವವರೇ ಜಾಸ್ತಿ.

22ನೇ ನಂಬರಿನ, ಚರ್ಮ ಕತ್ತರಿಸುವ ಮೊನೆಯ ಸೂಜಿ ಪಕ್ಕದ ಗಲ್ಲಿಯಲ್ಲೇ ಸಿಕ್ಕಿತು. ಹತ್ತರ ಪ್ಯಾಕೆಟ್ಟಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಪಾದದ ಒತ್ತಿನ ಸ್ಕ್ರೂ ಎರಡು ಸುತ್ತು ಬಿಗಿಸಿ, ದಪ್ಪದ ಜಾಗದಲ್ಲಿ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸು ಅಂದರು. ಚಿಂದಿ ಚರ್ಮದ ನಾಲ್ಕು ಪದರದ ಮೇಲೆ ಸಾಲು ಓಡಿತು. ಒಂದೂ ತಪ್ಪಲಿಲ್ಲ.

ಆದರೆ ವಾಪಸು ಬಂದ 34 ಬ್ಯಾಗುಗಳ ಗತಿ? ಬಟ್ಟೆಯಾದರೆ ಬಿಚ್ಚಿ ಹೊಲಿದರೆ ಮುಗಿಯಿತು. "ಚರ್ಮಕ್ಕ ಒಮ್ಮೆ ತೂತ ಬಿದ್ರ ಬಿತ್ತ್ರಿ ಸಾಹೇಬ್ರ, ಅದು ಮುಚ್ಚಂಗಿಲ್ಲ" ಅಂದರು ಇವರು. ಮೇಲಿಂದ ಮತ್ತೊಂದು ಸಾಲು ಹೊಡೆದರೆ ತೂತುಗಳು ಒತ್ತೊತ್ತಾಗಿ, ಅಂಚೆ ಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಗಾಬರಿಯಲ್ಲಿ ಹುಡುಗ ಏಳು ಬ್ಯಾಗಿಗೆ ಹಾಗೆ ಮಾಡಿಬಿಟ್ಟಿದ್ದ. ಅವು ಹೋದವು. ಪಟ್ಟಿ ಕತ್ತರಿಸಿ ಕೀ ಚೈನಿಗೆ ಇಟ್ಟುಕೊಂಡರು.

ಉಳಿದ 27ಕ್ಕೆ ಇವರೇ ಕೂತರು. ಮೇಣ ಹಚ್ಚಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಹಳೆಯ ತೂತಿನಲ್ಲೇ ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ಹೊಸ ತೂತು ಒಂದೂ ಬೀಳಬಾರದು. ಅಂಟಿನಿಂದ ಮುಚ್ಚಿಕೊಂಡ ತೂತನ್ನು ಬಿಡಿಸಲು ಅಜ್ಜನ ಆರಿ. ಮೂರು ರಾತ್ರಿ ಹಿಡಿಯಿತು. ಕಚೇರಿಯವರು 27ನ್ನೂ ತೆಗೆದುಕೊಂಡರು, ಏಳರ ದುಡ್ಡು ಹಿಡಿದುಕೊಂಡರು. ಕಂತು 90 ದಿನ ತುಂಬುವ ಮುಂಚೆ ಬಂತು. ಅರವತ್ತು ಸಾವಿರದ ಅರ್ಜಿಯನ್ನು ಅವರೇ ವಾಪಸು ಪಡೆದರು.

ಮದುವೆ ಮುಗಿಸಿ ಬಂದ ಚಾಚಾ ಲಾಡು ತಂದುಕೊಟ್ಟರಂತೆ, ನನ್ನ ಪಾಲಿನ ಎರಡು ಬ್ರಾಂಚಿಗೂ ಬಂತು. ನಿಮ್ಮ ಮನೆಯ ಮೂಲೆಯಲ್ಲಿ ಅಮ್ಮನದೋ ಅತ್ತೆಯದೋ ಮಷೀನು ಕೆಟ್ಟಿದೆಯೆಂದು ಬಟ್ಟೆ ಹೊದ್ದು ಕೂತಿದ್ದರೆ ಗುಜರಿಯವನನ್ನು ಕರೆಯುವ ಮುಂಚೆ ಹೊಸ ಸೂಜಿ ಹಾಕಿ, ಪಾದ ಎತ್ತಿಕೊಂಡು ದಾರ ಪೋಣಿಸಿ ನೋಡಿ. ಓಡಿದರೆ ನನಗೂ ಒಂದು ಮಾತು ತಿಳಿಸಿ.