ದೀಪ ಹಿಡಿದವಳ ಹೆಸರು

ಹೋದ ದೀಪಾವಳಿಗೆ ಬಂದಿದ್ದ ಸೊಸೆ ತನ್ನ ಬಟ್ಟೆಯ ಕೈಚೀಲವನ್ನು ನಡುಮನೆಯ ಗೂಟಕ್ಕೆ ನೇತುಹಾಕಿದ್ದಳು. ಅದರ ಮೇಲೊಂದು ಹುಡುಗಿಯ ಮುಖ. ತಲೆಗೆ ನೀಲಿ, ಹಳದಿ ಬಟ್ಟೆ ಸುತ್ತಿಕೊಂಡಿದ್ದಾಳೆ, ಕಿವಿಯಲ್ಲಿ ದಪ್ಪದೊಂದು ಮುತ್ತು. ನಾನು ಅಡುಗೆಮನೆಗೂ ಜಗಲಿಗೂ ಓಡಾಡುವಾಗೆಲ್ಲ, ಈಗಷ್ಟೇ ನಾನೇ ಕರೆದೆನೇನೋ ಎಂಬಂತೆ ಕತ್ತು ಹೊರಳಿಸಿ ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟೆ.

"ಯಾರೇ ಇವಳು?"

"ಯಾರಿಗೂ ಗೊತ್ತಿಲ್ಲವಂತೆ ಅತ್ತೆ."

ಮಿಕ್ಕಿದ್ದನ್ನು ಮೇಷ್ಟ್ರ ಚಟದಿಂದ ನಾನೇ ಹುಡುಕಿ ಓದಿದೆ. ಹಾಲೆಂಡಿನ ವರ್ಮೀರ್ ಎಂಬಾತ ಸುಮಾರು 1665ರಲ್ಲಿ ಬರೆದ ಚಿತ್ರವದು. 1881ರಲ್ಲಿ ಹೇಗ್ ಪಟ್ಟಣದ ಹರಾಜಿನಲ್ಲಿ ಎರಡು ಗಿಲ್ಡರ್ ಚಿಲ್ಲರೆಗೆ ಹೋಗಿತ್ತಂತೆ. ಕೊಂಡವನು ಬರೆದಿಟ್ಟುಹೋದದ್ದರಿಂದ ಅದೇ ಊರಿನ ಮೌರಿಟ್ಸ್‌ಹೌಸ್ ಸಂಗ್ರಹಾಲಯ ಸೇರಿತು. 2020ರಲ್ಲಿ ಸಂಶೋಧಕರು ಯಂತ್ರ ಹಿಡಿದು ನೋಡಿ, ಅವಳ ಹಿಂದೆ ಹಸಿರು ಪರದೆಯಿತ್ತು, ಕಣ್ಣಿಗೆ ಸಣ್ಣ ಸಣ್ಣ ರೆಪ್ಪೆಗೂದಲಿತ್ತು ಎಂದೆಲ್ಲ ಪತ್ತೆಮಾಡಿದರು. ಹೆಸರು ಮಾತ್ರ ಸಿಗಲಿಲ್ಲ.

ಹೆಸರಿಲ್ಲದ್ದೇ ಅವಳ ಆಕರ್ಷಣೆ, ಯಾರು ಬೇಕಾದರೂ ತಮ್ಮವಳೆಂದುಕೊಳ್ಳಬಹುದು ಎಂದಳು ಸೊಸೆ. ನಾನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ನನ್ನದೇ ಒಂದು ತಪ್ಪು ಕಾರಣ.

1998ರಲ್ಲಿ ಶಾಲೆಯ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದಿದ್ದೆವು. ಸಾಗರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮಕ್ಕಳು ಜಗನ್ಮೋಹನ ಅರಮನೆಯಲ್ಲಿ ಆಕಳಿಸುತ್ತಲೇ ಚಿತ್ರ ನೋಡುತ್ತಿದ್ದರು. ಆದರೆ ಆ ಕತ್ತಲ ಕೋಣೆಯೊಳಗೆ ಹೋದದ್ದೇ ಎಲ್ಲರೂ ಗಪ್‌ಚಿಪ್. ನೀವೂ ನೋಡಿರಬಹುದು, ಸೀರೆಯುಟ್ಟ ಹೆಣ್ಣೊಬ್ಬಳು ಗಾಳಿಗೆ ಕೈ ಅಡ್ಡ ಹಿಡಿದು ದೀಪ ತರುತ್ತಿರುವ ಚಿತ್ರ. ಬೆರಳ ಸಂದಿಗಳು ಕೆಂಪಗೆ ಬೆಳಗುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ, ಚಿಮಣಿ ಬುಡ್ಡಿಗೆ ಅಂಗೈ ಮರೆಮಾಡಿಕೊಂಡು ಕೊಟ್ಟಿಗೆಗೆ ಹೋಗಿಬಂದ ನಮ್ಮ ಕಡೆಯ ಹೆಂಗಸರಿಗೆ ಆ ಕೆಂಪು ಹೊಸದಲ್ಲ. ಆದರೆ ಅದು ನೋಡುವಂಥದ್ದು ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಇಬ್ಬರು ಹುಡುಗಿಯರು ಹಿಂದೆ ಬಲ್ಬು ಇಟ್ಟಿದ್ದಾರೇನೋ ಎಂದು ಚೌಕಟ್ಟಿನ ಪಕ್ಕ ಬಗ್ಗಿ ನೋಡಿದರು. ಇನ್ನೊಬ್ಬಳು, ಹೊಸನಗರದ ಕಡೆಯ ಹುಡುಗಿ, ಕದಲಲೇ ಇಲ್ಲ.

"ಟೀಚರ್, ಇವಳ ಹೆಸರೇನು? ಎಷ್ಟು ಹೊತ್ತು ಹೀಗೆ ನಿಂತಿದ್ದಳು? ಕೈ ನೋಯಲಿಲ್ಲವಾ?"

ನಲವತ್ತು ಮಕ್ಕಳು, ನಾವಿಬ್ಬರೇ ಟೀಚರುಗಳು, ಇನ್ನೂ ಮೃಗಾಲಯ ಬಾಕಿ. "ರವಿವರ್ಮ ಬರೆದದ್ದು. ಚಿತ್ರಕ್ಕೆ ಎಂಥ ಹೆಸರೇ? ತಲೆಹರಟೆ! ಸಾಲಿನಲ್ಲಿ ನಡಿ" ಎಂದು ಗದರಿದೆ.

ಅದಾದ ಮೇಲೂ ಇಪ್ಪತ್ತು ವರ್ಷ ರವಿವರ್ಮ ಎಂದೇ ಹೇಳಿಕೊಂಡು ಬಂದೆ. 2018ರಲ್ಲಿ ಒಂದು ದಿನ ಪತ್ರಿಕೆಯಲ್ಲಿ ಸುದ್ದಿ. ದೀಪದ ಹೆಣ್ಣು, ಕೊಲ್ಹಾಪುರದ ಗೀತಾ ಉಪಳೇಕರ್, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರ ಬರೆದದ್ದು ಅವರ ತಂದೆ, ಸಾವಂತವಾಡಿಯ ಎಸ್.ಎಲ್. ಹಳದಣಕರ್. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬಂದದ್ದು ಎಷ್ಟೋ ವರ್ಷಗಳ ನಂತರ. ಅದೂ ಎಣ್ಣೆಬಣ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ತಪ್ಪಿದರೆ ಬಳಿದು ಮುಚ್ಚುವುದು ಕಷ್ಟ. ಬೆಳಕು ಬೇಕಾದಲ್ಲಿ ಕಾಗದವನ್ನೇ ಬೆಳ್ಳಗೆ ಉಳಿಸಿಕೊಳ್ಳಬೇಕು. ದೀಪಾವಳಿಯ ಹೊತ್ತಿನಲ್ಲಿ ಮಗಳ ಕೈಯಲ್ಲಿ ದೀಪ ಕಂಡು ಅಪ್ಪನಿಗೆ ಹೊಳೆದದ್ದಂತೆ. ಅದಕ್ಕಾಗಿ ಆಕೆ ಗಂಟೆಗಟ್ಟಲೆ ಅಲುಗಾಡದೆ ನಿಂತಿದ್ದರಂತೆ.

ಅಂದರೆ ಕೈ ನೋಯದೆ ಇದ್ದೀತೇ? ನನಗೆ ಚಿತ್ರ ಮತ್ತೆ ಕಣ್ಣಮುಂದೆ ಬಂತು. ಹೆಸರು ತಿಳಿದದ್ದರಿಂದ ಅದರ ಸೊಗಸೇನೂ ಕಡಿಮೆಯಾಗಿರಲಿಲ್ಲ. ಅಷ್ಟು ದಿನ ಬೆಳಕನ್ನಷ್ಟೇ ನೋಡಿದ್ದವಳಿಗೆ ಈಗ ಎತ್ತಿ ಹಿಡಿದ ತೋಳು ಕಂಡಿತು. ಹಾಲೆಂಡಿನ ಹುಡುಗಿಗೂ ಕತ್ತು ನೋಯುತ್ತಿತ್ತೇನೋ, ಕೇಳಿದವರಾರು!

ಮಾರನೆಯ ದಿನ ಒಂಬತ್ತನೇ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಮಕ್ಕಳು ನಕ್ಕರು. ಆದರೆ ಕೇಳಿದವಳು ಅಲ್ಲಿರಲಿಲ್ಲವಲ್ಲ.

ಸಿಕ್ಕಿದ್ದು 2023ರ ಸಾಗರದ ಮಾರಿಜಾತ್ರೆಯಲ್ಲಿ, ಬಳೆ ಅಂಗಡಿಯ ಮುಂದೆ, ಮಗಳ ಕೈ ಹಿಡಿದುಕೊಂಡು. ಗುರುತು ಹಿಡಿದು ಕಾಲಿಗೆರಗಿದಳು. ನಾನು ಯೋಗಕ್ಷೇಮವನ್ನೂ ವಿಚಾರಿಸದೆ, "ಅವಳ ಹೆಸರು ಗೀತಾ ಕಣೇ" ಎಂದೆ.

"ಯಾರ ಹೆಸರು ಟೀಚರ್?"

ಮೈಸೂರು, ಕತ್ತಲ ಕೋಣೆ, ದೀಪ, ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಚಿತ್ರ ಅಷ್ಟು ನೆನಪಿಲ್ಲ ಟೀಚರ್. ನೀವು ಬೈದದ್ದು ನೆನಪಿದೆ."