ಅಟ್ಟದ ಮೇಲಿನ ಪೆಟ್ಟಿಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಿದೆ. ಅದರೊಳಗೆ ವಿದ್ಯುತ್ತಿನಿಂದ ರೊಟ್ಟಿ ಒತ್ತಿ ಬೇಯಿಸುವ ಯಂತ್ರವೊಂದು 2008ರಿಂದ ವಿಶ್ರಾಂತಿ ಪಡೆಯುತ್ತಿದೆ. ಆ ವರ್ಷ ಹುಬ್ಬಳ್ಳಿಯ ಗೃಹೋಪಯೋಗಿ ವಸ್ತುಗಳ ಮಾರಾಟ ಮೇಳವೊಂದರಲ್ಲಿ ಅದನ್ನು ಕೊಂಡವನು ನಾನೇ. ಮಾರುವವನು ಹಿಟ್ಟಿನ ಉಂಡೆಯಿಟ್ಟು, ಮುಚ್ಚಳ ಒತ್ತಿ, ನೋಡನೋಡುತ್ತಿದ್ದಂತೆ ಉಬ್ಬಿದ ಚಪಾತಿ ತೆಗೆದು ತೋರಿಸಿದ. ದಿನವೂ ಬೆಳಗಿನಲ್ಲಿ ಹದಿನೈದು ಇಪ್ಪತ್ತು ರೊಟ್ಟಿ ಬಡಿಯುವ ಮನೆಯಾಕೆಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಯಾವುದಿದ್ದೀತೆಂದು ಹಿಗ್ಗಿ ಹೊತ್ತು ತಂದೆ.

ಆಕೆ ಪೆಟ್ಟಿಗೆ ಬಿಚ್ಚಿ ನೋಡಿ, "ಇದು ಗೋದಿಗಾದೀತ್ರಿ, ಜೋಳಕ್ಕ ಆಗೂದಿಲ್ಲ" ಎಂದಳು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ಒಪ್ಪಲಿಲ್ಲ. ಒತ್ತಡ, ಶಾಖ ಎರಡೂ ಇರುವಲ್ಲಿ ಆಗದಿರುವುದೇನು? ಮುಚ್ಚಳ ಒತ್ತಿದೆ. ತೆರೆದಾಗ ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟ ಹಿಟ್ಟಿನ ಚೂರುಗಳು ಕಂಡವು.

ಕಾರಣ ಸರಳವಾದುದು. ಗೋದಿಯಲ್ಲಿ ಗ್ಲುಟೆನ್ ಎಂಬ ಅಂಟು ಉಂಟು. ನೀರು ಸೇರಿಸಿ ನಾದಿದಾಗ ಅದು ರಬ್ಬರಿನಂತೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಆದುದರಿಂದಲೇ ನಮ್ಮ ಕಡೆಯ ಹೆಣ್ಣುಮಕ್ಕಳು ಎಸರಿಟ್ಟು, ಕುದಿವ ನೀರಿನಲ್ಲಿ ಹಿಟ್ಟು ಕಲಸುತ್ತಾರೆ. ಆ ಬಿಸಿಗೆ ಜೋಳದ ಪಿಷ್ಟ ಅರಳಿ ಅಂಟಾಗುತ್ತದೆ. ಅನಂತರವೂ ಅದನ್ನು ಎಳೆಯುವಂತಿಲ್ಲ, ಲಟ್ಟಿಸುವುದೂ ಕಷ್ಟ. ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ, ಅಂಚು ಸೀಳದಂತೆ ಬೆರಳಿನಿಂದ ಕಾಯುತ್ತ ಹಿಗ್ಗಿಸಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಈ ಶಾಸ್ತ್ರವೆಲ್ಲ ಆಕೆಯ ಒಂದೇ ಮಾತಿನಲ್ಲಿ ಅಡಗಿತ್ತು. ಈಗೇನೋ ಜೋಳದ ರೊಟ್ಟಿಗೆಂದೇ ರೂಪಿಸಿದ ಯಂತ್ರಗಳು ಬಂದಿವೆ. ಅವುಗಳಿಂದ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳೂ ಇವೆ. ಯಂತ್ರದಿಂದ ರೊಟ್ಟಿ ಆಗದೆಂಬುದು ನನ್ನ ವಾದವಲ್ಲ. ಕೊಳ್ಳುವ ಮುನ್ನ ರೊಟ್ಟಿ ಮಾಡುವವಳನ್ನು ಕೇಳಲಿಲ್ಲವಲ್ಲ ಎಂಬುದಷ್ಟೇ ನನ್ನ ಕೊರಗು.

ಇದಕ್ಕೂ ಹಿಂದೆ ನಾನು ತದ್ವಿರುದ್ಧವಾಗಿ ನಡೆದುಕೊಂಡದ್ದನ್ನೂ ಅರಿಕೆ ಮಾಡಿಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ, 1982ರಲ್ಲಿ, ಆಕೆ ತಾನಾಗಿ ಬಯಸಿ ಮಿಕ್ಸರ್ ಕೇಳಿದ್ದಳು. ಒಳಕಲ್ಲಿನಲ್ಲಿ ಕುಟ್ಟಿದ ಶೇಂಗಾ ಹಿಂಡಿಯ ರುಚಿ ಮಿಕ್ಸರಿಗೆ ಬಾರದೆಂದು ಸಾರಿ, ನಾಲ್ಕು ವರ್ಷ ಮುಂದೂಡಿದೆ. ರುಚಿಯ ಮಾತು ಸುಳ್ಳೇನಲ್ಲ. ಮಿಕ್ಸರಿನ ಅಲಗು ವೇಗವಾಗಿ ತಿರುಗಿ ಕಾವೇರಿದಾಗ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆದರೆ ಗುಂಡಿಯನ್ನು ಒಮ್ಮೆಲೇ ಬಿಡದೆ ತಿರುಗಿಸದೆ, ಕ್ಷಣಕಾಲ ತಿರುಗಿಸಿ ನಿಲ್ಲಿಸುತ್ತ ಹೋದರೆ ತರಿತರಿಯಾದ ಹಿಂಡಿಯೇ ಸಿಗುತ್ತದೆಂಬುದನ್ನು, ಮಿಕ್ಸರ್ ಬಂದ ಮೂರನೆಯ ದಿನ ಆಕೆಯೇ ಕಂಡುಕೊಂಡಳು. ನನ್ನ ನಾಲಗೆಯ ರುಚಿಗೆ ಆಕೆಯ ತೋಳು ನಾಲ್ಕು ವರ್ಷ ತೆರಿಗೆ ತೆತ್ತಿತ್ತು.

ಈ ಸಂದರ್ಭದಲ್ಲಿ ಸತ್ಯಪ್ರಕಾಶ ಮಾಥುರ್ ಅವರು ನೆನಪಾಗುತ್ತಾರೆ. 1960ರ ದಶಕದಲ್ಲಿ ಅವರ ಪತ್ನಿಯ ವಿದೇಶೀ ಮಿಕ್ಸರ್ ಕೆಟ್ಟುಹೋಯಿತು. ನಮ್ಮ ನೆನೆದ ಬೇಳೆ, ಒಣ ಮಸಾಲೆಗಳನ್ನು ಅರೆಯಲೆಂದು ಮಾಡಿದ ಯಂತ್ರವೇ ಅದಾಗಿರಲಿಲ್ಲ. ಎಂಜಿನಿಯರರಾಗಿದ್ದ ಮಾಥುರ್ ಆ ಭಾರವನ್ನು ತಾಳುವ ಮೋಟಾರಿನ ಮಿಕ್ಸರನ್ನು ರೂಪಿಸಿದರು. ಅದೇ ಮುಂದೆ 'ಸುಮೀತ್' ಎಂಬ ಹೆಸರಿನಿಂದ ಮನೆಮಾತಾಯಿತು. ಆ ಗೃಹಸ್ಥರು ಅಡುಗೆಮನೆಯ ದೂರಿಗೆ ಕಿವಿಗೊಟ್ಟರು. ನಾನು ರುಚಿಯ ಮೇಲೆ ಉಪನ್ಯಾಸ ಕೊಟ್ಟೆ!

2012ರ ಮಳೆಗಾಲದಲ್ಲಿ ಮನೆಯಾಕೆ ಅಡುಗೆಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಮಗ, ಸೊಸೆ ಬೆಂಗಳೂರಿನಲ್ಲಿ. ನೆರೆಮನೆಯ ಅಕ್ಕನವರು ರೊಟ್ಟಿ ಕಳಿಸಿಕೊಡುತ್ತಿದ್ದರು. ಬೇಳೆ, ಪಲ್ಯ, ಅನ್ನ ನನ್ನ ಪಾಲಿಗೆ ಬಂದವು.

ಮೊದಲ ದಿನವೇ ಕುಕ್ಕರಿನೊಡನೆ ಸೆಣಸಾಡಿದೆ. ಬೇಗ ಬೇಯಲೆಂದು ಉರಿ ದೊಡ್ಡದು ಮಾಡಿ ಸೀಟಿ ಎಣಿಸುತ್ತ ನಿಂತೆ. ಐದಾಯಿತು, ಆರಾಯಿತು, ಬೇಳೆಯ ನೀರು ಉಕ್ಕಿ ಒಲೆಯೆಲ್ಲ ಹಳದಿಯಾಯಿತು. ಕುರ್ಚಿಯ ಮೇಲೆ ಕುಳಿತಿದ್ದ ಆಕೆ, "ಮೊದಲನೇ ಸೀಟಿ ಆದಮ್ಯಾಲೆ ಉರಿ ಸಣ್ಣ ಮಾಡ್ರಿ, ಅದು ಒಳಗಿನ ಬಿಸಿಗೆ ತಾನ ಬೇಯತದ" ಎಂದಳು. ನನಗೆ ನಾಚಿಕೆಯಾಯಿತು. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಇಂಥ ಪಾತ್ರೆಯನ್ನು ನಿರ್ಮಿಸಿದನೆಂದೂ, ಬಯಲಿನಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಒತ್ತಡದಲ್ಲಿ ಸುಮಾರು ನೂರಿಪ್ಪತ್ತು ಡಿಗ್ರಿಯವರೆಗೆ ಏರುವುದರಿಂದ ಬೇಳೆ ಬೇಗ ಬೇಯುವುದೆಂದೂ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ತೂಕ ಒಮ್ಮೆ ಮೇಲೆದ್ದ ಬಳಿಕ ಒಳಗಿನ ಶಾಖ ಅದಕ್ಕಿಂತ ಏರದು. ಹೆಚ್ಚಿನ ಉರಿಯೆಲ್ಲ ಉಗಿಯಾಗಿ ಹೊರಗೆ ಹೋಗುತ್ತದೆ, ಅಂದರೆ ಸಿಲಿಂಡರಿನ ಅನಿಲ ಸೀಟಿಯಾಗಿ ಹಾರುತ್ತದೆ. ನನ್ನ ಪಾಠ ನನ್ನ ಒಲೆಯವರೆಗೆ ಬಂದಿರಲಿಲ್ಲ. ತೊಗರಿಬೇಳೆಯನ್ನು ಅರ್ಧ ಗಂಟೆ, ಕಡಲೆಯನ್ನು ರಾತ್ರಿಯಿಡೀ ನೆನೆಸಬೇಕೆಂಬುದು, ಮುಚ್ಚುವ ಮೊದಲು ಉಗಿಯ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಬೇಕೆಂಬುದು, ಇವನ್ನೆಲ್ಲ ಆ ಆರು ವಾರಗಳಲ್ಲಿ ಕಲಿತೆ.

ಎರಡನೆಯ ವಾರವಿರಬೇಕು. ಒಗ್ಗರಣೆಗೆಂದು ಅವಸರದಿಂದ ತಿರುಗಿದಾಗ ಕಾಲಿಗೆ ಏನೋ ತಾಗಿ ಮುಗ್ಗರಿಸಿದೆ. ನೋಡಿದರೆ, ಕಟ್ಟೆಯ ಬುಡದಲ್ಲಿ ನಾಲ್ಕು ಅಂಗುಲ ಎತ್ತರದ ಹಳೆಯ ಮಣೆ. ಇದನ್ನೇಕೆ ಇಲ್ಲಿಟ್ಟಿದ್ದಾಳೆಂದು ಸಿಡುಕಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಮ್ಯಾಲಿಂದನ ಇಳೀವಾಗ ನಾ ಬಿದ್ದದ್ದು" ಎಂದಳು.

1994ರಲ್ಲಿ ಈ ಮನೆ ಕಟ್ಟಿಸುವಾಗ ಗೌಂಡಿಯು ಅಡುಗೆಯ ಕಟ್ಟೆ ಎಷ್ಟೆತ್ತರವಿರಲೆಂದು ನನ್ನನ್ನು ಕೇಳಿದ್ದ. ನಾನು ನೆಟ್ಟಗೆ ನಿಂತು, ಕೈ ಚಾಚಿ, ಇಷ್ಟಿರಲಿ ಎಂದಿದ್ದೆ. ಮೂವತ್ತಾರು ಅಂಗುಲವಾಯಿತು. ನನ್ನದು ಐದಡಿ ಒಂಬತ್ತು ಅಂಗುಲದ ಆಳು. ಆಕೆ ಐದಡಿಗೂ ಕಡಿಮೆ. ರೊಟ್ಟಿ ಬಡಿಯಲು ತೋಳಿನ ಬಲ ಮೇಲಿನಿಂದ ಬೀಳಬೇಕು. ಕಟ್ಟೆ ಎತ್ತರವಾದರೆ ಹೆಗಲೆತ್ತಿಯೇ ಬಡಿಯಬೇಕಾಗುತ್ತದೆ. ಹದಿನೆಂಟು ವರ್ಷ ಆಕೆ ಮಣೆಯ ಮೇಲೆ ಹತ್ತಿ ರೊಟ್ಟಿ ಬಡಿದು, ನೀರಿಗೆ ಇಳಿದು, ಹಂಚಿಗೆ ಹತ್ತಿ, ಮತ್ತೆ ಇಳಿದಿದ್ದಳು. ನಾನು ಒಂದು ದಿನವೂ ಆ ಮಣೆಯನ್ನು ಕಂಡಿರಲಿಲ್ಲ. ತಾಟಿಗೆ ಬಂದ ರೊಟ್ಟಿಯನ್ನು ಮಾತ್ರ ಕಂಡಿದ್ದೆ. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಕಟ್ಟೀ ಮುಗದಿತ್ತಲ್ರಿ" ಎಂದಳು.

ಮರುವರ್ಷ ಗೌಂಡಿಯನ್ನು ಕರೆಸಿದೆ. ಅಳತೆಯ ಪಟ್ಟಿ ಹಿಡಿದು ಆತ ಹಳೆಯ ರೂಢಿಯಂತೆ ನನ್ನ ಮುಖವನ್ನೇ ನೋಡಿದ. ನಾನು ಒಳಗೆ ಕೈ ತೋರಿಸಿದೆ. ಹೆಚ್ಚುವ, ಕೊಯ್ಯುವ ಕೆಲಸಕ್ಕೆ ಮೊಳಕೈಗಿಂತ ನಾಲ್ಕು ಅಂಗುಲದಷ್ಟು ಕೆಳಗೆ, ನಾದುವ ಬಡಿಯುವ ಕೆಲಸಕ್ಕೆ ಇನ್ನೂ ಕೆಳಗೆ ಕಟ್ಟೆಯಿರುವುದು ಅನುಕೂಲ. ಅರ್ಧ ಕಟ್ಟೆಯನ್ನು ಆರು ಅಂಗುಲ ಇಳಿಸಿದೆವು. ದೀಪವನ್ನೂ ಆಕೆಯೇ ಸ್ಥಳ ಹೇಳಿ ಒಲೆಯ ಮೇಲಿನ ಗೋಡೆಗೆ ಹಾಕಿಸಿದಳು. ಹಿಂದಿನ ಗೋಡೆಯ ದೀಪದಿಂದ ತನ್ನ ನೆರಳು ತನ್ನ ಪಾತ್ರೆಯ ಮೇಲೆಯೇ ಬೀಳುತ್ತಿತ್ತಂತೆ. ಇವೆರಡರ ಖರ್ಚು ಅಟ್ಟದ ಮೇಲಿನ ಯಂತ್ರಕ್ಕೆ ತೆತ್ತದ್ದಕ್ಕಿಂತ ಬಹಳವೇನೂ ಆಗಲಿಲ್ಲ.

ಬಟ್ಟೆ ಒಗೆಯುವ ಯಂತ್ರ ಮುಂತಾದವು ಅನಂತರ ಬಂದವು. ಅಂಗಡಿಗೆ ಇಬ್ಬರೂ ಹೋದೆವು. ಆಕೆ ಮುಚ್ಚಳ ತೆಗೆದು, ಬಾಗಿ, ತಳದವರೆಗೆ ಕೈ ನಿಲುಕುತ್ತದೆಯೇ ಎಂದು ನೋಡಿ ಆರಿಸಿದಳು. ಅಂಗಡಿಯವನು ಮಾತ್ರ ಕೊನೆಯವರೆಗೂ ವಿವರಣೆಯನ್ನೆಲ್ಲ ನನಗೇ ಕೊಡುತ್ತಿದ್ದ.

ಕೈ ಗುಣವಾದ ಮೇಲೂ ಕಾಯಿಪಲ್ಲೆ ಹೆಚ್ಚುವ ಕೆಲಸ ನನ್ನ ಬಳಿಯೇ ಉಳಿದಿದೆ. ಇಳಿಸಿದ ಕಟ್ಟೆ ನನಗೆ ಗಿಡ್ಡ. ಹತ್ತು ನಿಮಿಷ ಬಾಗಿದರೆ ನಡು ಹಿಡಿಯುತ್ತದೆ. ಹಾಗಾಗಿ ನೆಲದ ಮೇಲೆ ಈಳಿಗೆ ಇಟ್ಟುಕೊಂಡು ಕೂರುತ್ತೇನೆ. ಮಣೆಯನ್ನು ಆಕೆಯೇ ಕಾಲಿನಿಂದ ನನ್ನತ್ತ ಸರಿಸಿಕೊಡುತ್ತಾಳೆ.